ತಾವೊರ್ಮಿನಾದ ಚೌಕದಲ್ಲಿ ಒಂದು ಸಂಜೆ ಕಳೆಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಸಿಸಿಲಿಯ ತಾವೊರ್ಮಿನಾಕ್ಕೆ ಹೋಗಿ ಬಂದ ಪರಿಚಿತರಲ್ಲಿ ಬಹುತೇಕರ ದೂರು ಒಂದೇ. ಊರು ಚೆಂದವೇ, ಆದರೆ ವಿಪರೀತ ಜನ, ತಲೆ ಸುಡುವ ಬಿಸಿಲು, ಒಂದು ಕಾಫಿಗೆ ತೆತ್ತ ಹಣ ಹೆಚ್ಚಾಯಿತು, ನೆಮ್ಮದಿಯಾಗಿ ಕೂರಲು ಪುರುಸೊತ್ತೇ ಆಗಲಿಲ್ಲ ಎನ್ನುತ್ತಾರೆ. ಅವರ ದಿನಚರಿಯನ್ನು ಕೇಳಿದರೆ ಕಾರಣ ಅಲ್ಲಿಯೇ ಇರುತ್ತದೆ. ಬೆಳಗ್ಗೆ ಹತ್ತಿರದ ದೊಡ್ಡ ನಗರವಾದ ಕತಾನಿಯಾದಿಂದ ಹೊರಟು, ಹನ್ನೊಂದರ ಸುಮಾರಿಗೆ ಊರು ತಲುಪಿ, ಗ್ರೀಕ್ ರಂಗಮಂದಿರವನ್ನು ನೋಡಿ, ನೆತ್ತಿಯ ಮೇಲೆ ಸೂರ್ಯ ಇರುವಾಗ ಚೌಕಕ್ಕೆ ಬಂದು, ಫೋಟೋ ತೆಗೆಸಿಕೊಂಡು, ನಾಲ್ಕು ಗಂಟೆಯ ಬಸ್ಸು ಹಿಡಿದಿರುತ್ತಾರೆ. ನಾನು ಮೊದಲ ಸಲ ಒಂದು ಪ್ರವಾಸಿ ತಂಡದೊಂದಿಗೆ ಹೋದಾಗ ಆ ಚೌಕಕ್ಕೆಂದು ನಮಗೆ ಸಿಕ್ಕಿದ್ದು ನಲವತ್ತು ನಿಮಿಷ. ಅದರಲ್ಲಿ ಅರ್ಧ ಶೌಚಾಲಯ ಹುಡುಕುವುದಕ್ಕೆ ಹೋಯಿತು.

ಸಮುದ್ರಮಟ್ಟದಿಂದ ಸುಮಾರು 200 ಮೀಟರ್ ಎತ್ತರದಲ್ಲಿ, ಗುಡ್ಡದ ಅಂಚಿಗೆ ಅಂಟಿಕೊಂಡಂತಿರುವ ಈ ಊರಿನ ಮುಖ್ಯ ಚೌಕದಲ್ಲಿ ಅಡ್ಡಾಡಿ, ಕುಳಿತು, ದಣಿವಾರಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ಕೇಳಲು ಸರಳವೆನಿಸುವ ಈ ಕೆಲಸ ಕೆಡುವುದು ಬಹುಪಾಲು ಕ್ರಮ ತಪ್ಪುವುದರಿಂದ. ಹಗಲಿನ ಬಸ್ಸುಗಳು ಇಳಿದುಹೋದ ಮೇಲೆ ನೀವು ಇನ್ನೂ ಮೇಲೆಯೇ ಇರಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿ ಮಾಡಿಕೊಳ್ಳುವ ಸಿದ್ಧತೆ.

ಮೊದಲು ಚೌಕದ ಹೆಸರು

ಇಟಲಿಯ ಹಲವು ಊರುಗಳಲ್ಲಿ ಪ್ರಧಾನ ಚರ್ಚಿನ ಎದುರಿನ ಚೌಕವೇ ಊರಿನ ಕೇಂದ್ರವಾಗಿರುತ್ತದೆ. ಆ ಅಭ್ಯಾಸದಿಂದ ಅನೇಕರು ಇಲ್ಲಿಯೂ ಪಿಯಾತ್ಸಾ ದುವೊಮೊವನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಸಮುದ್ರ ಕಾಣದೆ ಪೆಚ್ಚಾಗುತ್ತಾರೆ. ನಿಮಗೆ ಬೇಕಾದದ್ದು ಪಿಯಾತ್ಸಾ ನೋವೆ ಅಪ್ರೀಲೆ, ಅಂದರೆ ಏಪ್ರಿಲ್ 9ರ ಚೌಕ. ಫಲಕಗಳಲ್ಲಿಯೂ ನಕ್ಷೆಗಳಲ್ಲಿಯೂ ಒಂಬತ್ತನ್ನು ರೋಮನ್ ಅಂಕಿಯಲ್ಲಿ ಬರೆದಿರುತ್ತಾರೆ. ಅದನ್ನು ಇಂಗ್ಲಿಷ್ ಅಕ್ಷರಗಳೆಂದುಕೊಂಡು ಬಿಡಿಬಿಡಿಯಾಗಿ ಓದಿ ದಾರಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. "ನೋವೆ ಅಪ್ರೀಲೆ" ಎಂದರೆ ಎಲ್ಲರೂ ಕೈ ತೋರಿಸುತ್ತಾರೆ.

ಗುರುತುಗಳು ಸುಲಭ. ನೆಲಕ್ಕೆ ಚದುರಂಗದ ಹಾಸಿನಂತೆ ಕಪ್ಪು ಬಿಳಿ ಕಲ್ಲು ಹಾಸಿದೆ. ಒಂದು ಬದಿಯಲ್ಲಿ ಜೋಡಿ ಮೆಟ್ಟಿಲುಗಳುಳ್ಳ ಸಾನ್ ಜುಸೆಪ್ಪೆ ಚರ್ಚು, ಇನ್ನೊಂದು ಬದಿಯಲ್ಲಿ ಈಗ ಗ್ರಂಥಾಲಯವಾಗಿರುವ ಸಾಂತ್ ಅಗೊಸ್ತಿನೊ ಚರ್ಚು, ಕೊನೆಯಲ್ಲಿ ಕಮಾನಿನ ಮೇಲೆ ನಿಂತ ಗಡಿಯಾರದ ಗೋಪುರ. ನಾಲ್ಕನೆಯ ಬದಿಗೆ ಕಟ್ಟಡವೇ ಇಲ್ಲ. ಅಲ್ಲಿ ಒಂದು ಕಂಬಿಸಾಲು ಇದೆ, ಅದರಾಚೆ ಆಕಾಶ, ಕೆಳಗೆ ಜಾರ್ದಿನಿ ನಾಕ್ಸೊಸ್ ಕೊಲ್ಲಿ, ಬಲಕ್ಕೆ ದೂರದಲ್ಲಿ ಎಟ್ನಾ ಜ್ವಾಲಾಮುಖಿ.

ಹಂತ 1: ತಿಂಗಳು ಮತ್ತು ದಿನವನ್ನು ಆರಿಸುವುದು

ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಒಳ್ಳೆಯ ಕಾಲ. ವಸಂತದಲ್ಲಿ ಹೋದರೆ ಎಟ್ನಾದ ನೆತ್ತಿಯ ಮೇಲೆ ಹಿಮ ಉಳಿದಿರುವುದನ್ನು ನೋಡುವ ಅವಕಾಶವೂ ಇರುತ್ತದೆ. ಆಗಸ್ಟನ್ನು ಬಿಡುವುದು ಲೇಸು. ಆಗಸ್ಟ್ 15 ಇಟಲಿಗೆ ದೊಡ್ಡ ರಜೆ, ಫೆರ್ರಾಗೊಸ್ತೊ ಎಂದು ಅದರ ಹೆಸರು. ಅದರ ಹಿಂದಿನ ಮುಂದಿನ ವಾರಗಳಲ್ಲಿ ದೇಶವೇ ಕರಾವಳಿಗೆ ಇಳಿದಿರುತ್ತದೆ, ಚೌಕದ ಬೆಂಚುಗಳಲ್ಲಿ ಜಾಗ ಸಿಗುವುದು ಕಷ್ಟ.

ಇಲ್ಲಿ ನಮ್ಮ ಕಡೆಯವರು ಮಾಡುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಉಡುಪಿ, ಗೋಕರ್ಣ, ಕಾರವಾರಗಳ ಕಡಲತೀರ ಕಂಡವರಿಗೆ ಸಂಜೆ ಎಂದರೆ ಸೂರ್ಯ ನೀರಿಗೆ ಇಳಿಯುವ ಹೊತ್ತು. ತಾವೊರ್ಮಿನಾ ಇರುವುದು ಸಿಸಿಲಿಯ ಪೂರ್ವ ಕರಾವಳಿಯಲ್ಲಿ. ಇಲ್ಲಿಯ ಕಡಲು ಅಯೋನಿಯನ್, ಅದು ಊರಿನ ಮೂಡಣಕ್ಕಿದೆ, ಆದ್ದರಿಂದ ಸೂರ್ಯ ನೀರಿನಿಂದ ಏಳುತ್ತಾನೆಯೇ ಹೊರತು ನೀರಿಗೆ ಇಳಿಯುವುದಿಲ್ಲ. ಬೇಸಗೆಯಲ್ಲಿ ಅವನು ಊರಿನ ಬೆನ್ನಿಗಿರುವ ಗುಡ್ಡಗಳ ಹಿಂದೆ ಮರೆಯಾಗುತ್ತಾನೆ. ಡಿಸೆಂಬರಿನ ಆಸುಪಾಸಿನಲ್ಲಿ ಮಾತ್ರ ಎಟ್ನಾ ಇರುವ ದಿಕ್ಕಿಗೆ ಸರಿದಿರುತ್ತಾನೆ. ಕಡಲಲ್ಲಿ ಸೂರ್ಯಾಸ್ತ ಕಾಣುವ ಆಸೆಯಿಂದ ಕಂಬಿ ಹಿಡಿದು ನಿಂತವರು ಬರಿದೇ ಕಾದು ಹಿಂದಿರುಗಿದ್ದನ್ನು ನಾನು ಕಂಡಿದ್ದೇನೆ. ಸಂಜೆ ಅಲ್ಲಿ ನೋಡಬೇಕಾದದ್ದು ಬೇರೆಯೇ ಇದೆ, ಅದನ್ನು ಆರನೆಯ ಹಂತದಲ್ಲಿ ಹೇಳುತ್ತೇನೆ.

ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 8.20ರ ಸುಮಾರಿಗೆ, ಡಿಸೆಂಬರ್ ಕೊನೆಯಲ್ಲಿ ಸಂಜೆ 4.40ರ ಸುಮಾರಿಗೆ. ನಮ್ಮ ಊರುಗಳಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಆರು, ಆರೂವರೆ, ಏಳಕ್ಕೆ ಕತ್ತಲಾಗುವುದು ರೂಢಿಯಾಗಿರುವುದರಿಂದ ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಊಟದ ವೇಳೆಯನ್ನೋ ಬಸ್ಸಿನ ವೇಳೆಯನ್ನೋ ತಪ್ಪಿಸಿಕೊಳ್ಳುವವರು ಬಹಳ. ನೀವು ಹೋಗುವ ದಿನದ ಸೂರ್ಯಾಸ್ತದ ವೇಳೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದನ್ನೇ ಹಿಡಿದು ನಡೆಯುತ್ತದೆ.

ಹಂತ 2: ಒಂದು ರಾತ್ರಿಗೆ ಅಲ್ಲಿಯೇ ತಂಗುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಕತಾನಿಯಾದಲ್ಲಿಯೋ ಕೆಳಗಿನ ಜಾರ್ದಿನಿ ನಾಕ್ಸೊಸ್‌ನಲ್ಲಿಯೋ ಕೋಣೆ ಹಿಡಿದು ಸಂಜೆಗೆ ಮಾತ್ರ ಮೇಲೆ ಬರುತ್ತೇನೆಂದರೆ, ಚೌಕದಲ್ಲಿ ಕುಳಿತಷ್ಟು ಹೊತ್ತೂ ಕೊನೆಯ ಬಸ್ಸಿನ ಚಿಂತೆ ನಿಮ್ಮ ಪಕ್ಕದಲ್ಲಿಯೇ ಕುಳಿತಿರುತ್ತದೆ. ಚೌಕ ಹಗುರಾಗುವುದೂ ಕತ್ತಲಾದ ಮೇಲೆ ಸ್ಥಳೀಯರು ಮಕ್ಕಳೊಂದಿಗೆ ಹೊರಬರುವುದೂ ನೀವು ಗಡಿಯಾರ ನೋಡಲು ತೊಡಗುವ ಹೊತ್ತಿನಲ್ಲಿಯೇ. ಮೇಲೆ ಕೋಣೆಯ ಬಾಡಿಗೆ ಹೆಚ್ಚೆಂಬುದು ನಿಜ. ಎರಡು ರಾತ್ರಿ ಕೆಳಗೆ ಇರುವ ಬದಲು ಒಂದು ರಾತ್ರಿ ಮೇಲೆ ಇರುವುದು ಲೇಸೆಂದು ನನ್ನ ಅಭಿಪ್ರಾಯ.

ಕೋಣೆ ಕಾಯ್ದಿರಿಸುವಾಗ ಕೇಳಲೇಬೇಕಾದ ಪ್ರಶ್ನೆ ಮೆಟ್ಟಿಲಿನದು. ಊರಿನ ಮುಖ್ಯ ಬೀದಿಯಾದ ಕೋರ್ಸೊ ಉಂಬೆರ್ತೊ ಸುಮಾರಾಗಿ ಸಮತಟ್ಟಾಗಿದ್ದರೂ ಅದರ ಮೇಲೆ ಕೆಳಗೆ ಇರುವ ಓಣಿಗಳೆಲ್ಲ ಮೆಟ್ಟಿಲುಗಳು. ನಕ್ಷೆಯಲ್ಲಿ ಚೌಕದಿಂದ ನೂರು ಮೀಟರ್ ಎಂದು ಕಾಣುವ ಮನೆ ಎಂಬತ್ತು ಮೆಟ್ಟಿಲು ಮೇಲಿರಬಹುದು. "ಕೋರ್ಸೊ ಉಂಬೆರ್ತೊದಿಂದ ನಿಮ್ಮ ಬಾಗಿಲಿಗೆ ಎಷ್ಟು ಮೆಟ್ಟಿಲು, ಒಳಗೆ ಲಿಫ್ಟ್ ಇದೆಯೇ?" ಎಂದು ಬರೆದು ಕೇಳಿ, ಅಂಕಿಯಲ್ಲಿಯೇ ಉತ್ತರ ಪಡೆಯಿರಿ. ಮಂಡಿನೋವಿರುವ ತಂದೆತಾಯಿಯರನ್ನು ಕರೆದುಕೊಂಡು ಹೋಗುವವರು ಇದನ್ನು ಕೇಳದೆ ಹಣ ಕಟ್ಟಬಾರದು. ಉತ್ತರದಲ್ಲಿ "ಸ್ವಲ್ಪ" ಎಂದಷ್ಟೇ ಇದ್ದರೆ ಅದನ್ನು ಎಚ್ಚರಿಕೆಯೆಂದೇ ತಿಳಿಯಿರಿ.

ಜೊತೆಗಿರಬೇಕಾದ ಸಾಮಾನು

ಸಾಮಾನು ಕಡಿಮೆಯಿದ್ದಷ್ಟೂ ಒಳ್ಳೆಯದು. ಹಿಡಿತವುಳ್ಳ ಅಡಿಯ ಚಪ್ಪಲಿ ಅಥವಾ ಬೂಟು ಬೇಕೇ ಬೇಕು, ಏಕೆಂದರೆ ಚೌಕದ ಕಲ್ಲುಹಾಸು ಕಾಲುಗಳ ಉಜ್ಜಾಟದಿಂದ ನುಣುಪಾಗಿದೆ, ಹನಿ ಮಳೆ ಬಿದ್ದರೂ ಜಾರುತ್ತದೆ. ಭುಜದ ಮೇಲೆ ಹೊದೆಯಲು ಒಂದು ತೆಳು ಶಾಲು ಇರಲಿ. ಕಡಲಿನಿಂದ ಬೀಸುವ ಸಂಜೆಗಾಳಿಗೂ ಚರ್ಚಿನ ಒಳಗೆ ಹೋಗುವಾಗ ಭುಜ ಮುಚ್ಚಿಕೊಳ್ಳಲೂ ಅದೇ ಸಾಕು. ಮತ್ತೆ ತುಂಬಿಸಿಕೊಳ್ಳಬಹುದಾದ ನೀರಿನ ಬಾಟಲಿ, ಕೆಲವು ಯೂರೋ ನಾಣ್ಯ, ಬಿಸಿಲಿಗೆ ಟೊಪ್ಪಿ. ಸಾರ್ವಜನಿಕ ನಲ್ಲಿಯಲ್ಲಿ ನೀರು ತುಂಬುವ ಮುನ್ನ ಫಲಕ ಓದಿ: "ನೊನ್ ಪೊತಾಬಿಲೆ" ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ.

ಹಂತ 3: ಗುಡ್ಡ ಹತ್ತುವುದು

ಕತಾನಿಯಾ ವಿಮಾನ ನಿಲ್ದಾಣದಿಂದ ತಾವೊರ್ಮಿನಾಕ್ಕೆ ನೇರ ಬಸ್ಸುಗಳಿವೆ. ಪ್ರಯಾಣಕ್ಕೆ ಒಂದೂವರೆ ಗಂಟೆಯಷ್ಟು ಹಿಡಿಯಿರಿ. ಬಸ್ಸು ನಿಮ್ಮನ್ನು ವಿಯಾ ಪಿರಾಂದೆಲ್ಲೊ ರಸ್ತೆಯ ನಿಲ್ದಾಣದಲ್ಲಿ ಇಳಿಸುತ್ತದೆ, ಅಲ್ಲಿಂದ ಊರಿನ ಬಾಗಿಲಾದ ಪೋರ್ತಾ ಮೆಸ್ಸಿನಾಕ್ಕೆ ಕೆಲವೇ ನಿಮಿಷಗಳ ಏರುದಾರಿ.

ರೈಲಿನಲ್ಲಿ ಬರುವವರು ಎಡವುವುದು ಒಂದೇ ಕಡೆ. ತಾವೊರ್ಮಿನಾ-ಜಾರ್ದಿನಿ ರೈಲು ನಿಲ್ದಾಣ ಇರುವುದು ಗುಡ್ಡದ ಬುಡದಲ್ಲಿ, ಕಡಲ ದಂಡೆಯ ಮೇಲೆ. ಊರಿಗೆ ಹಗ್ಗದ ದಾರಿ ಇದೆಯೆಂದು ಓದಿಕೊಂಡು ಬಂದವರು ಅದು ನಿಲ್ದಾಣದ ಎದುರಿಗೇ ಇರುತ್ತದೆಂದು ಭಾವಿಸುತ್ತಾರೆ. ಆ ಕೇಬಲ್ ಕಾರು ಹೊರಡುವುದು ಮತ್ಸಾರೊ ಎಂಬ ಕಡಲತೀರದಿಂದ, ಅದು ನಿಲ್ದಾಣಕ್ಕೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ. ಪೆಟ್ಟಿಗೆ ಎಳೆದುಕೊಂಡು ಆ ರಸ್ತೆಯಲ್ಲಿ ನಡೆಯುವುದು ಕ್ಷೇಮವೂ ಅಲ್ಲ, ಸುಖವೂ ಅಲ್ಲ. ನಿಲ್ದಾಣದ ಎದುರಿನಿಂದ ಮೇಲಕ್ಕೆ ಹೋಗುವ ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಿರಿ. ಟ್ಯಾಕ್ಸಿಯಾದರೆ ಹತ್ತುವ ಮುನ್ನವೇ ದರ ಕೇಳಿಕೊಳ್ಳಿ.

ಕಾರಿನವರಿಗೆ ಒಂದು ಮಾತು. ಊರಿನ ಒಳಭಾಗ ಸೀಮಿತ ಸಂಚಾರ ವಲಯ, ಅಂದರೆ ಅನುಮತಿಯಿಲ್ಲದ ವಾಹನ ಒಳಬರುವಂತಿಲ್ಲ. ಕ್ಯಾಮೆರಾ ದಾಟಿದ್ದು ನಿಮಗೆ ಆಗ ಗೊತ್ತಾಗುವುದಿಲ್ಲ, ದಂಡದ ಚೀಟಿ ಬಾಡಿಗೆ ಕಾರಿನ ಕಂಪನಿಯ ಮೂಲಕ ತಿಂಗಳುಗಳ ಅನಂತರ ಮನೆಗೆ ಬರುತ್ತದೆ. ಮೆಸ್ಸಿನಾ ಬದಿಯಲ್ಲಿ ಲುಂಬಿ, ಕತಾನಿಯಾ ಬದಿಯಲ್ಲಿ ಪೋರ್ತಾ ಕತಾನಿಯಾ ಎಂಬ ಎರಡು ದೊಡ್ಡ ವಾಹನ ನಿಲುಗಡೆಗಳಿವೆ. ಅವುಗಳಲ್ಲಿ ಒಂದರಲ್ಲಿ ಬಿಟ್ಟು ಮುಂದೆ ಕಾಲ್ನಡಿಗೆಯಲ್ಲಿ ಹೋಗುವುದೇ ಸರಿ.

ಹಂತ 4: ಮಧ್ಯಾಹ್ನ ಚೌಕದಿಂದ ದೂರ ಉಳಿಯುವುದು

ಊರು ತಲುಪಿದ ಕೂಡಲೇ ಚೌಕಕ್ಕೆ ಓಡಬೇಡಿ. ಹನ್ನೊಂದರಿಂದ ನಾಲ್ಕರವರೆಗೆ ಅಲ್ಲಿ ನೆರಳು ಕಡಿಮೆ, ಬಣ್ಣದ ಕೊಡೆ ಎತ್ತಿ ಹಿಡಿದ ಮಾರ್ಗದರ್ಶಕರ ಹಿಂದೆ ಒಂದಾದ ಮೇಲೊಂದು ತಂಡ ಬರುತ್ತಿರುತ್ತದೆ. ಚೌಕದ ಮೊದಲ ನೋಟ ಆ ಹೊತ್ತಿನದಾದರೆ ಮನಸ್ಸಿನಲ್ಲಿ ಅದೇ ಉಳಿದುಬಿಡುತ್ತದೆ.

ಬದಲಿಗೆ ಕೋಣೆಗೆ ಹೋಗಿ ಸಾಮಾನಿಟ್ಟು, ಊಟ ಮಾಡಿ, ಒಂದು ಗಂಟೆ ಮಲಗಿ. ಅನಂತರ ವಿಯಾ ಬಾಞೋಲಿ ಕ್ರೋಚಿಯಲ್ಲಿರುವ ಪುರಸಭೆಯ ಉದ್ಯಾನಕ್ಕೆ, ಅಂದರೆ ವಿಲ್ಲಾ ಕೊಮುನಾಲೆಗೆ ಹೋಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ನೆಲೆಸಿದ ಫ್ಲಾರೆನ್ಸ್ ಟ್ರೆವೆಲಿಯನ್ ಎಂಬ ಇಂಗ್ಲಿಷ್ ಮಹಿಳೆ ಬೆಳೆಸಿದ ತೋಟ ಇದು. ನೆರಳಿದೆ, ಬೆಂಚುಗಳಿವೆ, ಚೌಕದಿಂದ ಕಾಣುವ ಕಡಲೂ ಎಟ್ನಾವೂ ಇಲ್ಲಿಂದಲೂ ಕಾಣುತ್ತವೆ. ಬಿಸಿಲಿನಲ್ಲಿ ಅಲೆದು ಸೋತ ಕಾಲುಗಳೊಂದಿಗೆ ಸಂಜೆಯ ವಿಹಾರಕ್ಕೆ ಹೊರಟರೆ ಎರಡನೆಯ ಸುತ್ತಿಗೇ ಕುರ್ಚಿ ಹುಡುಕುತ್ತೀರಿ, ಮೊದಲು ಸಿಕ್ಕ ದುಬಾರಿ ಮೇಜಿಗೆ ಶರಣಾಗುತ್ತೀರಿ. ಹೀಗಾಗಿ ಈ ವಿಶ್ರಾಂತಿಯನ್ನು ಬಿಡಬೇಡಿ.

ಗ್ರೀಕ್ ರಂಗಮಂದಿರವನ್ನು ಅದೇ ದಿನ ನೋಡಲೇಬೇಕೆಂದಿಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಬಿಸಿಲೂ ಜನವೂ ಕಡಿಮೆ.

ಹಂತ 5: ಬಾಗಿಲಿನಿಂದ ಬಾಗಿಲಿಗೆ ನಡೆಯುವುದು

ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಇರುವಾಗ ಪೋರ್ತಾ ಮೆಸ್ಸಿನಾದ ಕಮಾನಿನ ಕೆಳಗೆ ನಿಂತಿರಿ. ಅಲ್ಲಿಂದ ಇನ್ನೊಂದು ತುದಿಯ ಪೋರ್ತಾ ಕತಾನಿಯಾದವರೆಗೆ ಕೋರ್ಸೊ ಉಂಬೆರ್ತೊ ಎಂಬ ವಾಹನವಿಲ್ಲದ ಬೀದಿ ಚಾಚಿಕೊಂಡಿದೆ, ಉದ್ದ ಸುಮಾರು 800 ಮೀಟರ್. ಬೀಸುಗಾಲಿನಲ್ಲಿ ಹೋದರೆ ಹತ್ತು ನಿಮಿಷದ ದಾರಿ. ಸಂಜೆಯ ನಡಿಗೆಯಲ್ಲಿ ಅದಕ್ಕೆ ನಲವತ್ತು ನಿಮಿಷ ಕೊಡಿ.

ಇಟಲಿಯಲ್ಲಿ ಈ ಸಂಜೆಯ ಅಡ್ಡಾಟಕ್ಕೆ ಪಸ್ಸೆಜ್ಜಾತಾ ಎನ್ನುತ್ತಾರೆ. ದಕ್ಷಿಣದ ಊರುಗಳಲ್ಲಿ ಸ್ತ್ರೂಶೊ ಎಂಬ ಮಾತೂ ಇದೆ, ಅದರ ಮೂಲಾರ್ಥ ನೆಲಕ್ಕೆ ಉಜ್ಜುತ್ತ, ತಾಗುತ್ತ ಸಾಗುವುದು. ನಡೆಯುವ ಬಗೆ ಆ ಪದದಲ್ಲಿಯೇ ಇದೆ: ಕಾಲೆತ್ತಿ ಹಾಕುವುದಲ್ಲ, ಕಾಲು ಸವರುತ್ತ ಹೋಗುವುದು. ಹೊಸಬರು ಇಲ್ಲಿ ಮಾಡುವ ತಪ್ಪು ನಕ್ಷೆ ಹಿಡಿದು ಗುರಿಯತ್ತ ನಡೆಯುವುದು. ಈ ನಡಿಗೆಗೆ ಗುರಿಯಿಲ್ಲ, ಎರಡು ತುದಿಗಳಿವೆ, ತುದಿ ಮುಟ್ಟಿದ ಮೇಲೆ ತಿರುಗಿ ಬರುತ್ತಾರೆ. ಹೋಗುವಾಗ ಎದುರು ಸಿಕ್ಕವರೇ ಬರುವಾಗಲೂ ಎದುರು ಸಿಗುತ್ತಾರೆ. ಎರಡನೆಯ ಸಲ ಕಣ್ಣು ಕೂಡಿದಾಗ "ಬುವೊನಾ ಸೇರಾ" ಎಂದು ಸಣ್ಣಗೆ ಹೇಳಿದರೆ ಸಾಕು. ಉಡುಪು ತೀರ ಅಚ್ಚುಕಟ್ಟಾಗಿರಬೇಕೆಂದಿಲ್ಲ, ಆದರೆ ಈಜುಡುಗೆಯಲ್ಲಿಯೋ ಒದ್ದೆ ಟವಲು ಹೊದ್ದೋ ಈ ಬೀದಿಗೆ ಬರುವುದು ಸಭ್ಯತೆಯಲ್ಲ. ಅಲ್ಲಿಯವರು ಸಂಜೆಗೆಂದು ಬಟ್ಟೆ ಬದಲಿಸಿಕೊಂಡು ಬಂದಿರುತ್ತಾರೆ.

ಮೊದಲ ಸುತ್ತಿನಲ್ಲಿ ಚೌಕ ಬಂದಾಗ ನಿಲ್ಲದೆ ದಾಟಿ ಹೋಗಿ ಎಂದರೆ ವಿಚಿತ್ರವೆನಿಸಬಹುದು. ಒಮ್ಮೆ ಮಾಡಿ ನೋಡಿ. ಗಡಿಯಾರದ ಗೋಪುರದ ಕಮಾನಿನ ಅಡಿಯಲ್ಲಿ ನುಗ್ಗಿದರೆ ಬೀದಿ ಇದ್ದಕ್ಕಿದ್ದಂತೆ ಕಿರಿದಾಗಿ ಹಳೆಯ ಕೇರಿ ಶುರುವಾಗುತ್ತದೆ. ಮುಂದೆ ಪಿಯಾತ್ಸಾ ದುವೊಮೊ. ಅಲ್ಲಿಯ 1635ರ ಕಾರಂಜಿಯ ಮೇಲೆ ಊರಿನ ಲಾಂಛನವಾದ, ಕಿರೀಟ ತೊಟ್ಟ, ಎರಡೇ ಕಾಲಿನ ಹೆಣ್ಣು ಸೆಂಟಾರನ್ನು, ಅಂದರೆ ಮೇಲರ್ಧ ಹೆಂಗಸು ಕೆಳಗರ್ಧ ಪ್ರಾಣಿಯಾದ ಆಕೃತಿಯನ್ನು ನೋಡಿ. ಪೋರ್ತಾ ಕತಾನಿಯಾ ಮುಟ್ಟಿ, ತಿರುಗಿ ಬನ್ನಿ. ಈಗ ಕಿರಿದಾದ, ನೆರಳುಗಟ್ಟಿದ ಕೇರಿಯಿಂದ ಅದೇ ಕಮಾನಿನ ಮೂಲಕ ಹೊರಬಿದ್ದಾಗ ಚೌಕವೂ ಬಾನೂ ಕಡಲೂ ಒಟ್ಟಿಗೆ ಎದುರಾಗುತ್ತವೆ. ಮೆಸ್ಸಿನಾ ಬದಿಯಿಂದ ಬರುವಾಗ ಈ ತೆರವು ಇಷ್ಟು ಬಲವಾಗಿ ತಟ್ಟುವುದಿಲ್ಲ. ಚೌಕವನ್ನು ಕತಾನಿಯಾ ಬದಿಯಿಂದ ಪ್ರವೇಶಿಸಬೇಕೆಂಬುದು ನಾನು ಹಲವು ಸಲ ಹೋಗಿ ಕಂಡುಕೊಂಡ ಕ್ರಮ.

ಹಂತ 6: ಕೂರುವ ಮುನ್ನ ನಿಲ್ಲುವುದು

ಚೌಕ ತಲುಪಿದ ಮೇಲೂ ಕುರ್ಚಿಯತ್ತ ಹೋಗಬೇಡಿ. ಕಂಬಿಯ ಬಳಿಗೆ ನಡೆದು, ಕೈಯಲ್ಲಿ ಫೋನ್ ಇಲ್ಲದೆ ಹದಿನೈದು ನಿಮಿಷ ನಿಲ್ಲಿ.

ಎಟ್ನಾ ಇಲ್ಲಿಂದ ಗೆರೆ ಎಳೆದಂತೆ ಸುಮಾರು 28 ಕಿಲೋಮೀಟರ್ ದೂರದಲ್ಲಿದೆ, ಎತ್ತರ 3,300 ಮೀಟರಿಗೂ ಹೆಚ್ಚು. ಅಷ್ಟು ಎತ್ತರದ ಬೆಟ್ಟ ಕಡಲಮಟ್ಟದಿಂದಲೇ ಏಳುವುದರಿಂದ ಅದರ ಇಳಿಜಾರಿನ ಉದ್ದನೆಯ ಗೆರೆ ಪೂರ್ತಿಯಾಗಿ ಕಾಣುತ್ತದೆ. ಸಂಜೆ ಬೆಳಕು ಬೆಟ್ಟದ ಹಿಂದಿನಿಂದ ಬರುತ್ತದೆ, ಆದ್ದರಿಂದ ಅದರ ಮೈಮೇಲಿನ ವಿವರಗಳೆಲ್ಲ ಅಳಿದು ಬರಿಯ ನೀಲಿ ಆಕಾರ ಉಳಿಯುತ್ತದೆ. ಬಾಯಿಯಿಂದ ಹೊರಡುವ ಹೊಗೆಯ ಎಳೆಗೆ ಮಾತ್ರ ಬಣ್ಣವಿರುತ್ತದೆ. ಅತ್ತ ಕಡಲ ಕಡೆ, ಸೂರ್ಯನಿಗೆ ಎದುರಾದ ಬಾನಂಚಿನಲ್ಲಿ, ನಸುಗುಲಾಬಿಯ ಪಟ್ಟಿಯೊಂದು ಮೂಡಿ, ಅದರ ಕೆಳಗಿನಿಂದ ಬೂದುನೀಲಿಯ ಇನ್ನೊಂದು ಪಟ್ಟಿ ಮೇಲೇರುತ್ತ ಬರುತ್ತದೆ. ಆ ಬೂದುನೀಲಿ ಭೂಮಿಯದೇ ನೆರಳು. ಪೂರ್ವಕ್ಕೆ ಕಡಲಿರುವ ಊರಿನಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ಒಮ್ಮೆ ಕಂಡವರು ಸೂರ್ಯಾಸ್ತ ಕಾಣಲಿಲ್ಲವೆಂದು ಕೊರಗುವುದಿಲ್ಲ. ಆಮೇಲೆ ಕೊಲ್ಲಿಯ ಅಂಚಿನಲ್ಲಿ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ.

ಎಟ್ನಾ ಕಾಣದಿದ್ದರೆ ಗಾಬರಿ ಬೇಡ. ಮಧ್ಯಾಹ್ನದ ಹೊತ್ತಿಗೆ ಅದರ ತಲೆಗೆ ಮೋಡ ಕವಿಯುವುದು ಸಾಮಾನ್ಯ, ಬೆಳಗ್ಗೆ ಬಹುತೇಕ ತೆರವಾಗಿರುತ್ತದೆ. ಬೆಟ್ಟ ಉಕ್ಕುತ್ತಿರುವ ದಿನಗಳಲ್ಲಿ ರಾತ್ರಿ ನೆತ್ತಿಯಲ್ಲಿ ಕೆಂಪು ಹೊಳಪು ಕಾಣುವುದೂ ಉಂಟು.

ಸಾನ್ ಜುಸೆಪ್ಪೆ ಚರ್ಚಿನ ಮೆಟ್ಟಿಲುಗಳು ಫೋಟೋಗೆ ಎಲ್ಲರನ್ನೂ ಸೆಳೆಯುತ್ತವೆ. ಅಲ್ಲಿ ಮದುವೆಗಳು ನಡೆಯುತ್ತಿರುತ್ತವೆ. ಬಾಗಿಲಿನಲ್ಲಿ ಹೂವಿನ ಅಲಂಕಾರ ಅಥವಾ ಶುಭ್ರ ಉಡುಪಿನ ನೆಂಟರ ಗುಂಪು ಕಂಡರೆ ಮೆಟ್ಟಿಲು ಬಿಟ್ಟು ಕೆಳಗೆ ಸರಿದು ನಿಲ್ಲಿ. ಆ ಮೆಟ್ಟಿಲ ಮೇಲೆ ತಿಂಡಿ ಬಿಚ್ಚುವುದು ಯಾವ ಹೊತ್ತಿನಲ್ಲಿಯೂ ಬೇಡ.

ಹಂತ 7: ಎಲ್ಲಿ ಕೂರುವುದು, ಎಷ್ಟು ಕೊಡುವುದು

ಕೂರುವುದಕ್ಕೆ ಎರಡು ದಾರಿಗಳಿವೆ. ಸಾರ್ವಜನಿಕ ಬೆಂಚಿಗೆ ಕಾಸಿಲ್ಲ. ಸೂರ್ಯಾಸ್ತದ ಹೊತ್ತಿಗೆ ಅವು ತುಂಬಿರುತ್ತವೆ, ಅದಾದ ಅರ್ಧ ಗಂಟೆಗೆ ಫೋಟೋದವರು ಊಟಕ್ಕೆ ಹೊರಟು ತೆರವಾಗುತ್ತವೆ. ಕಾಯುವ ತಾಳ್ಮೆ ಇದ್ದರೆ ಬೆಂಚೇ ಒಳ್ಳೆಯದೆಂದು ನನಗೆ ಅನ್ನಿಸಿದೆ. ಒಂದು ಅಕ್ಟೋಬರಿನ ಸಂಜೆ ನಾನು ಕುಳಿತ ಬೆಂಚಿನ ಇನ್ನೊಂದು ತುದಿಗೆ ಹಿರಿಯ ದಂಪತಿ ಬಂದು ಕುಳಿತರು. ಆಕೆ ಚೀಲದಿಂದ ಹಳೆಯ ಪತ್ರಿಕೆಯ ಹಾಳೆ ತೆಗೆದು ಎರಡಾಗಿ ಮಡಿಚಿ ಗಂಡನಿಗೆ ಹಾಸಿದರು, ತನಗೂ ಹಾಸಿಕೊಂಡರು, ಮೂರನೆಯದನ್ನು ಮಾತಿಲ್ಲದೆ ನನ್ನ ಕಡೆ ಚಾಚಿದರು. ಕಲ್ಲು ತಣ್ಣಗಾಗಿತ್ತು. ಅಂದಿನಿಂದ ನಾನೂ ಚೀಲದಲ್ಲಿ ಒಂದು ಪತ್ರಿಕೆ ಇಟ್ಟುಕೊಳ್ಳುತ್ತೇನೆ.

ಕೆಫೆಯ ಮೇಜು ಎರಡನೆಯ ದಾರಿ. ಇಲ್ಲಿ ಬೆಲೆಯ ಲೆಕ್ಕ ತಿಳಿದಿರದವರೇ ಮೋಸ ಹೋದೆವೆಂದು ಸಿಟ್ಟಾಗುವುದು. ಇಟಲಿಯ ಕೆಫೆಗಳಲ್ಲಿ ಅದೇ ಕಾಫಿಗೆ ಎರಡು ದರ ಇರಬಹುದು. ಕೌಂಟರಿನ ಕಟ್ಟೆಯ ಬಳಿ ನಿಂತು ಕುಡಿದರೆ "ಅಲ್ ಬಾಂಕೊ", ಮೇಜಿಗೆ ತರಿಸಿಕೊಂಡರೆ "ಅಲ್ ತಾವೊಲೊ". ಚೌಕದ ಎದುರಿನ ಮೇಜಿನಲ್ಲಿ ಎರಡನೆಯದು ಮೊದಲನೆಯದರ ಹಲವು ಪಟ್ಟು ಆಗಬಹುದು. ಇದರ ಜೊತೆಗೆ ಬಿಲ್ಲಿನಲ್ಲಿ ತಲೆಗಿಷ್ಟು ಎಂದು "ಕೊಪೆರ್ತೊ" ಅಥವಾ ಶೇಕಡಾವಾರು "ಸೆರ್ವಿತ್ಸಿಯೊ" ಸೇರಿರಬಹುದು. ದರಪಟ್ಟಿ ಕಾಣುವಂತೆ ಇಡುವುದು ಅಂಗಡಿಯವರ ಕರ್ತವ್ಯ. ಕೂರುವ ಮುನ್ನ ಅದನ್ನು ಕೇಳಿ ಓದಿ. ಪಟ್ಟಿ ತೋರಿಸಲು ಹಿಂಜರಿದರೆ, ಅಥವಾ ಬೀದಿಗೇ ಬಂದು ಕೈಹಿಡಿದು ಕರೆದರೆ, ಮುಂದೆ ನಡೆಯುವುದು ಒಳಿತು.

ಹಾಗೆಂದು ದುಬಾರಿ ಮೇಜನ್ನು ನಾನು ತಳ್ಳಿಹಾಕುವುದಿಲ್ಲ. ಅಲ್ಲಿ ನೀವು ಕೊಡುವುದು ಜಾಗದ ಬಾಡಿಗೆ, ಆದ್ದರಿಂದ ಬಾಡಿಗೆಗೆ ತಕ್ಕಷ್ಟು ಹೊತ್ತು ಕುಳಿತಿರಬೇಕು. ಒಂದೇ ಪಾನೀಯಕ್ಕೆ ಒಂದೂವರೆ ಗಂಟೆ ಕುಳಿತರೂ ಸಾಮಾನ್ಯವಾಗಿ ಯಾರೂ ಎಬ್ಬಿಸುವುದಿಲ್ಲ. ಬಿಲ್ಲು ತಾನಾಗಿ ಬರುವುದಿಲ್ಲ. ಕೇಳದೆ ಬಿಲ್ಲು ತಂದಿಡುವುದೆಂದರೆ ಎದ್ದು ಹೋಗಿ ಎಂದಂತೆ, ಹಾಗಾಗಿ ಅವರು ತರುವುದಿಲ್ಲ. ನಮ್ಮವರು ಇದನ್ನು ಅಸಡ್ಡೆಯೆಂದು ತಿಳಿದು ಚಡಪಡಿಸುತ್ತಾರೆ. ಹೊರಡಬೇಕೆನಿಸಿದಾಗ "ಇಲ್ ಕೊಂತೊ, ಪೆರ್ ಫಾವೊರೆ" ಎನ್ನಿ.

ಶೌಚಾಲಯದ ವಿಷಯವನ್ನೂ ಇಲ್ಲಿಯೇ ಮುಗಿಸುತ್ತೇನೆ. ಯಾವುದಾದರೂ ಕೆಫೆಯಲ್ಲಿ ಕಟ್ಟೆಯ ಬಳಿ ಒಂದು ಎಸ್ಪ್ರೆಸೊ ಕುಡಿದು ಅಲ್ಲಿಯದನ್ನು ಬಳಸುವುದೇ ಸುಲಭ. ಹಲವು ಕಡೆ ಮೊದಲು ಗಲ್ಲಾಪೆಟ್ಟಿಗೆಯಲ್ಲಿ ಹಣ ಕಟ್ಟಿ, ಸ್ಕೊಂತ್ರಿನೊ ಎಂಬ ರಸೀದಿ ಪಡೆದು, ಅದನ್ನು ಕಟ್ಟೆಯವರಿಗೆ ತೋರಿಸಬೇಕು.

ಹಂತ 8: ಸಸ್ಯಾಹಾರಿಗಳು ಗಮನಿಸಬೇಕಾದದ್ದು

ಸಂಜೆಯ ಪಾನೀಯದ ಜೊತೆ ಕೇಳದೆಯೇ ತಿನಿಸಿನ ತಟ್ಟೆ ಬರುವುದುಂಟು, ಅದರಲ್ಲಿ ಹಂದಿಮಾಂಸದ ಚೂರುಗಳಿರಬಹುದು. ಪಾನೀಯ ತರಹೇಳುವಾಗಲೇ "ಸೊನೊ ವೆಜೆತಾರಿಯಾನೊ" (ಹೆಂಗಸರಾದರೆ "ವೆಜೆತಾರಿಯಾನಾ") ಎಂದು ಹೇಳಿ, "ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ", ಅಂದರೆ ಮಾಂಸವಿಲ್ಲದೆ ಮೀನಿಲ್ಲದೆ, ಎಂದು ಸೇರಿಸಿ. ಮೊದಲ ಪದವೊಂದನ್ನೇ ನೆಚ್ಚಿಕೊಂಡರೆ ಮೀನಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಆಗಬಹುದು.

ಅನ್ನದ ಉಂಡೆಯನ್ನು ಕರಿದು ಮಾಡುವ ಅರಂಚಿನೊ ಸಸ್ಯಾಹಾರದಂತೆ ಕಂಡರೂ ಅದರ ಸಾಮಾನ್ಯ ಹೂರಣ ಮಾಂಸದ ಸಾರು. ಪಾಲಕ್ ಅಥವಾ ಬದನೆಕಾಯಿಯದನ್ನು ಕೇಳಿ ಪಡೆಯಬೇಕು. ಕನ್ನೋಲೊ ಎಂಬ ಸಿಹಿಯ ಹೊರಪದರಕ್ಕೆ ಸಂಪ್ರದಾಯದಲ್ಲಿ ಹಂದಿಯ ಕೊಬ್ಬು ಬಳಸುತ್ತಾರೆ, ಕಟ್ಟುನಿಟ್ಟಿನವರು "ಚೆ ಸ್ತ್ರುತ್ತೊ?" ಎಂದು ವಿಚಾರಿಸಿಕೊಳ್ಳಬೇಕು. ನಿಶ್ಚಿಂತೆಯ ಊಟವೆಂದರೆ ಕತಾನಿಯಾ ಕಡೆಯ ಪಾಸ್ತಾ ಅಲ್ಲಾ ನೋರ್ಮಾ: ಕರಿದ ಬದನೆಕಾಯಿ, ಟೊಮೇಟೊ, ತುಳಸಿಯ ಜಾತಿಯ ಬಸಿಲಿಕೊ, ಮೇಲೆ ಉಪ್ಪು ಹಾಕಿ ಒಣಗಿಸಿದ ರಿಕೊತ್ತಾ.

ಸಂಜೆ ಕೆಡುವ ಮುನ್ನ ಕಾಣುವ ಸೂಚನೆಗಳು

ತೆಂಕಣದಿಂದ ಬಿಸಿ ಗಾಳಿ ಬೀಸಿ, ಬಾನು ಹಳದಿಗಟ್ಟಿದ ಬೂದಾದರೆ ಅದು ಶಿರೊಕ್ಕೊ, ಸಹಾರಾದ ಕಡೆಯ ಗಾಳಿ. ಆ ದಿನ ದೂರದ ನೋಟ ಸಿಗುವುದಿಲ್ಲ, ಉಸಿರಾಟದ ತೊಂದರೆಯುಳ್ಳವರು ಹೊರಗೆ ಹೆಚ್ಚು ಹೊತ್ತು ಇರಬಾರದು. ಮೇಜಿನ ಮೇಲೆ, ಕೂದಲಲ್ಲಿ ಕರಿಯ ನುಣ್ಣನೆ ಮರಳು ಕೈಗೆ ಹತ್ತಿದರೆ ಎಟ್ನಾದ ಬೂದಿ ಬೀಳುತ್ತಿದೆಯೆಂದು ಅರ್ಥ. ಕಣ್ಣು ಉಜ್ಜಿಕೊಳ್ಳದೆ ನೀರಿನಿಂದ ತೊಳೆಯಿರಿ, ಕಾಂಟಾಕ್ಟ್ ಲೆನ್ಸ್ ತೆಗೆದುಬಿಡಿ, ಮರುದಿನ ವಿಮಾನವಿದ್ದರೆ ಕತಾನಿಯಾ ನಿಲ್ದಾಣದ ಸ್ಥಿತಿಯನ್ನು ವಿಚಾರಿಸಿ. ಬೇಸಗೆಯಲ್ಲಿ ಗ್ರೀಕ್ ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮವಿರುವ ರಾತ್ರಿ ಸಾವಿರಾರು ಜನ ಒಮ್ಮೆಗೇ ಕೋರ್ಸೊಗೆ ಇಳಿಯುತ್ತಾರೆ. ಬೆಳಗ್ಗೆಯೇ ಭಿತ್ತಿಪತ್ರ ನೋಡಿಕೊಂಡಿದ್ದರೆ ಅದಕ್ಕೆ ಮುನ್ನ ಏಳಬಹುದು.

ಹಂತ 9: ಬೆಳಗ್ಗೆ ಮತ್ತೊಮ್ಮೆ

ರಾತ್ರಿ ತಂಗಿದವರಿಗೆ ಮಾತ್ರ ಸಿಗುವ ಹೊತ್ತು ಇದು. ಏಳು ಗಂಟೆಗೆ ಚೌಕಕ್ಕೆ ಬನ್ನಿ. ಕಸ ಗುಡಿಸುವವರು, ಅಂಗಡಿಗೆ ಸಾಮಾನು ಇಳಿಸುವವರು, ನಾಯಿ ಅಡ್ಡಾಡಿಸುವ ಒಬ್ಬಿಬ್ಬರು ಇರುತ್ತಾರೆ. ಈಗ ಬೆಳಕು ಕಡಲಿನಿಂದ ಬಂದು ನೇರವಾಗಿ ಎಟ್ನಾದ ಮುಖಕ್ಕೆ ಬೀಳುತ್ತದೆ. ಸಂಜೆ ಬರಿಯ ಆಕಾರವಾಗಿದ್ದ ಬೆಟ್ಟದಲ್ಲಿ ಕೊರಕಲುಗಳು, ಲಾವಾ ಹರಿದ ಕಪ್ಪು ಪಟ್ಟೆಗಳು, ಕೆಳಗಿನ ಊರುಗಳು ಎಲ್ಲವೂ ಬೇರೆಬೇರೆಯಾಗಿ ಕಾಣುತ್ತವೆ. ಫೋಟೋ ತೆಗೆಯುವುದಿದ್ದರೆ ಈಗ ತೆಗೆಯಿರಿ.

ಆಮೇಲೆ ಚೌಕ ಬಿಟ್ಟು ಪಕ್ಕದ ಓಣಿಯ ಯಾವುದಾದರೂ ಸಣ್ಣ ಕೆಫೆಯಲ್ಲಿ ಗ್ರಾನಿತಾ ಮತ್ತು ಬ್ರಿಯೋಶ್ ಕೇಳಿ. ಸಿಸಿಲಿಯಲ್ಲಿ ಇದು ಬೆಳಗಿನ ಉಪಾಹಾರ. ಬಾದಾಮಿ, ನಿಂಬೆ, ಹಿಪ್ಪುನೇರಳೆ, ಕಾಫಿ ಹೀಗೆ ಹಲವು ಬಗೆಗಳಿವೆ, ಮೊದಲ ಸಲಕ್ಕೆ ಬಾದಾಮಿಯದು ಇರಲಿ. ಬ್ರಿಯೋಶ್ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ, ಕೆಲವೆಡೆ ಮೇಲೆ ಹೇಳಿದ ಸ್ತ್ರುತ್ತೊವನ್ನೂ ಬಳಸುತ್ತಾರೆ. ಬೇಡದವರು ಗ್ರಾನಿತಾವನ್ನಷ್ಟೇ ಕೇಳಬಹುದು. ಬ್ರಿಯೋಶ್ ಮೇಲೆ ಒಂದು ಸಣ್ಣ ಗುಂಡು ಇರುತ್ತದೆ. ಅದಕ್ಕೆ ತುಪ್ಪೊ ಎನ್ನುತ್ತಾರೆ, ನಮ್ಮ ತುಪ್ಪಕ್ಕೂ ಅದಕ್ಕೂ ಸಂಬಂಧವಿಲ್ಲ, ಆ ಮಾತಿನ ಅರ್ಥ ತುರುಬು. ಚಾಕು ಚಮಚ ಬೇಡ. ತುರುಬನ್ನು ಬೆರಳಿನಿಂದ ಕಿತ್ತು, ಗ್ರಾನಿತಾದಲ್ಲಿ ಅದ್ದಿ, ಮಂಜಿನ ಹರಳು ಬೆಚ್ಚನೆಯ ರೊಟ್ಟಿಯೊಳಗೆ ಕರಗುವ ಮೊದಲೇ ಬಾಯಿಗಿಡಬೇಕು. ಗ್ರಾನಿತಾ ತೀರ ಗಟ್ಟಿಯಾಗಿ ಕೆರೆಯುವಂತಿದ್ದರೂ, ನೀರು ಬೇರೆ ಹರಳು ಬೇರೆಯಾಗಿದ್ದರೂ ಅದು ಚೆನ್ನಾಗಿ ಮಾಡಿದ್ದಲ್ಲ. ಚೆನ್ನಾಗಿ ಮಾಡಿದ್ದು ಚಮಚದಲ್ಲಿ ಗಂಜಿಯಂತೆ ನಿಧಾನಕ್ಕೆ ಜಾರುತ್ತದೆ.

ತಿಂದು ಮುಗಿಸಿ ಚೌಕದ ಬೆಂಚಿಗೆ ಮರಳಿದರೆ ಇನ್ನೂ ಒಂದೆರಡು ಗಂಟೆ ನಿಮ್ಮದು. ಹತ್ತರ ಹೊತ್ತಿಗೆ ಕೋರ್ಸೊದ ಮೆಸ್ಸಿನಾ ಬದಿಯಿಂದ ಮೊದಲ ಬಣ್ಣದ ಕೊಡೆ ಮೇಲೆದ್ದು ಬರುವುದು ಕಾಣಿಸಿದಾಗ ಎದ್ದು, ಸಾಮಾನು ತೆಗೆದುಕೊಂಡು, ಬಸ್ ನಿಲ್ದಾಣದ ಇಳಿಜಾರು ಹಿಡಿಯಬಹುದು.